ಮಧ್ಯಾಹ್ನ ಬೆಂಗಳೂರು, ಅದೇ ಸಂಜೆ ಅಮೆರಿಕ: ಎರಡೂವರೆ ಗಂಟೆಯ ಪ್ರಯಾಣ ನಿಜವೇ?

ಮಧ್ಯಾಹ್ನ 2ಕ್ಕೆ ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಅದೇ ದಿನ ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ! ಭೂಮಿ ತಿರುಗುವುದರಿಂದ ಇಷ್ಟು ಬೇಗ ತಲುಪುತ್ತದೆ ಎನ್ನುವ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಟಿಕೆಟ್‌ನಲ್ಲಿ ಗಂಟೆ ಹಾಗೆಯೇ ಅಚ್ಚಾಗಿರುತ್ತದೆ, ಅದು ಸುಳ್ಳಲ್ಲ. ಅದರ ಅರ್ಥ ಮಾತ್ರ ಬೇರೆ.

ವಿಮಾನದ ಸಮಯವನ್ನು ಆಯಾ ಊರಿನ ಗಡಿಯಾರದಂತೆ ಬರೆಯುತ್ತಾರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13.30 ಗಂಟೆ ಹಿಂದೆ, ಬೇಸಿಗೆಯಲ್ಲಿ 12.30 ಗಂಟೆ. 16 ಗಂಟೆ ಹಾರಿ ಇಳಿಯುವಾಗ ನಮ್ಮಲ್ಲಿ ಮರುದಿನ ಬೆಳಿಗ್ಗೆ 6 ಆಗಿರುತ್ತದೆ, ಅಲ್ಲಿ ಹಿಂದಿನ ಸಂಜೆ 4.30.

ವಾಪಸ್ ಬರುವಾಗ ಲೆಕ್ಕ ತಿರುಗುಮುರುಗು. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ನೇರ ವಿಮಾನ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನ 9ರ ರಾತ್ರಿ ಅಲ್ಲಿಂದ ಹೊರಟು ಬೆಂಗಳೂರಿಗೆ ಇಳಿದಾಗ 11ರ ನಸುಕು. ಹಾರಿದ್ದು ಮಾತ್ರ ಸುಮಾರು 17 ಗಂಟೆ.

ಹಾಗಾದರೆ ಭೂಮಿಯ ತಿರುಗುವಿಕೆ? ಬೆಂಗಳೂರು ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿದೆ. ಆದರೆ ಗಾಳಿ, ರನ್‌ವೇ, ಅದರ ಮೇಲಿನ ವಿಮಾನ ಎಲ್ಲವೂ ಜೊತೆಗೇ ಸುತ್ತುತ್ತವೆ. ಓಡುವ ಬಸ್ಸಿನೊಳಗೆ ಮೇಲಕ್ಕೆ ಹಾರಿದ ಸೊಳ್ಳೆ ಹಿಂದಿನ ಗಾಜಿಗೆ ಅಪ್ಪಳಿಸುವುದಿಲ್ಲವಲ್ಲ, ಹಾಗೆ. ಪ್ರಯಾಣವನ್ನು ಹೆಚ್ಚು ಕಡಿಮೆ ಮಾಡುವುದು ಎತ್ತರದಲ್ಲಿ ಬೀಸುವ ಪಶ್ಚಿಮದ ಗಾಳಿ.

ದೂರದಲ್ಲೂ ಒಂದು ಮೋಸವಿದೆ. ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಪೆಸಿಫಿಕ್ ಸಾಗರದ ಮೇಲೆ ಗೆರೆ ಎಳೆದರೆ ಆ ದಾರಿ 16,000 ಕಿ.ಮೀ. ದಾಟುತ್ತದೆ. ಮಕ್ಕಳ ಗ್ಲೋಬ್ ಮೇಲೆ ದಾರ ಬಿಗಿದು ನೋಡಿ. ದಾರ ಚೀನಾ, ಸೈಬೀರಿಯಾ ಕಡೆ ಜಾರುತ್ತದೆ, ದೂರ ಸುಮಾರು 14,000 ಕಿ.ಮೀ.ಗೆ ಇಳಿಯುತ್ತದೆ. ಉತ್ತರ ಧ್ರುವದ ಮೇಲೆಯೇ ಹೋದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ. ಮೊದಲ ವಿಮಾನ ಹಾರಿದ್ದು ಆ ಧ್ರುವದ ದಾರಿಯಲ್ಲೇ.

ಅಂಕೋಲಾ ತಾಲ್ಲೂಕಿನ ಹಿಲ್ಲೂರಿನಿಂದ ಮಗಳ ಬಾಣಂತನಕ್ಕೆ ಹೊರಟ ಅಮ್ಮನಿಗೆ ಈ ಲೆಕ್ಕ ಬರೀ ಕುತೂಹಲದ್ದಲ್ಲ. ಬೆಂಗಳೂರಿಗೆ ಬರಲು ಒಂದು ರಾತ್ರಿ, ನಿಲ್ದಾಣದಲ್ಲಿ ಮೂರ್ನಾಲ್ಕು ಗಂಟೆ, ಮೇಲೆ 16-17 ಗಂಟೆ. ನಡುವೆ ವಿಮಾನ ಬದಲಿಸಿದರೆ ಇನ್ನೂ ಹೆಚ್ಚು. ಟಿಕೆಟ್ ನೋಡಿ ‘ಎರಡೂವರೆ ಗಂಟೆ ತಾನೆ’ ಎಂದು ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಅನ್ನು ದೊಡ್ಡ ಸೂಟ್‌ಕೇಸ್‌ಗೆ ತುಂಬಿ ಕಳಿಸಿದರೆ ಕಷ್ಟ. ಅವು ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿಯೂ. ಯಾವ ಊರಿನ ಗಡಿಯಾರ ನೋಡಿ ಮದ್ದು ತೆಗೆದುಕೊಳ್ಳಬೇಕು ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ. ಟಿಕೆಟ್‌ನಲ್ಲಿ ‘ಪ್ರಯಾಣದ ಅವಧಿ’ ಎಂದು ಬೇರೆಯಾಗಿಯೇ ಒಂದು ಅಂಕಿ ಇದ್ದರೆ, ನೋಡಬೇಕಾದ್ದು ಅದನ್ನು.