ಇಲಿ ಬಿದ್ದಾಗ ಅಂಗಡಿ ಎಲ್ಲಿಡೋದು?

2020ರ ಮಾರ್ಚ್ ಎರಡನೇ ವಾರ. ನಮ್ಮ ಆಫೀಸಿನಲ್ಲಿ ಒಂದು ಎಕ್ಸೆಲ್ ಶೀಟು ಮೇಜಿಂದ ಮೇಜಿಗೆ ಓಡಾಡ್ತಾ ಇತ್ತು. ಹೆಸರು ಬಿಸಿನೆಸ್ ಕಂಟಿನ್ಯುಟಿ ಪ್ಲಾನ್, ಕರೆಯೋಕೆ ಬಿಸಿಪಿ. ಯಾರು ಬಂದೇ ತೀರಬೇಕು, ಯಾರು ಮನೆಯಿಂದ ಮಾಡಬಹುದು, ಇವನು ಮಲಗಿದರೆ ಇವನ ಕೆಲಸ ಇನ್ಯಾರಿಗೆ ಗೊತ್ತು... ಪ್ರತಿ ಹೆಸರಿನ ಮುಂದೆ ಒಂದೊಂದು ಬಣ್ಣ. ನನ್ನದು ಹಳದಿ. ರಾತ್ರಿ ಹೊಸಹೊಳಲಿಗೆ ಫೋನ್ ಮಾಡಿದಾಗ ಅಜ್ಜಿಗೆ ಇದನ್ನೆಲ್ಲ ವಿವರಿಸೋಕೆ ಹೋದೆ. ಪೂರ್ತಿ ಕೇಳಿಸಿಕೊಂಡಳು.

"ಇಲಿ ಬಿದ್ರೆ ಊರ್ ಬುಡೋದು ಕಣ್ಲಾ ಮಗ. ಅದ್ಕೂ ಒಂದ್ ಮೀಟಿಂಗಾ?"

ಕೆ.ಆರ್.ಪೇಟೆ ಮಗ್ಗುಲಲ್ಲಿರೋ ನಮ್ಮೂರಿಗೆ ಬರೋರು ಲಕ್ಷ್ಮೀನಾರಾಯಣ ದೇವಸ್ಥಾನ ನೋಡೋಕೆ ಬರ್ತಾರೆ. ಹದಿಮೂರನೇ ಶತಮಾನದ ಹೊಯ್ಸಳರ ಕೆಲಸ, ತ್ರಿಕೂಟ. ಸುತ್ತ ಒಂದು ಸುತ್ತು ಹಾಕಿ, ಫೋಟೋ ತೆಗೆದು, ಮೇಲುಕೋಟೆ ಕಡೆ ಹೊರಟುಬಿಡ್ತಾರೆ. ಇತಿಹಾಸ ಅಲ್ಲಿಗೆ ಮುಗೀತು. ಆದರೆ ಈ ಕಾವೇರಿ ಸೀಮೆಗೆ ಇನ್ನೊಂದು ಇತಿಹಾಸ ಇದೆ, ಅದರಲ್ಲಿ ರಾಜರಿಗಿಂತ ಸೊಳ್ಳೆ ಮತ್ತು ಇಲಿ ದೊಡ್ಡವು. ಅಜ್ಜಿಯ ಆ ಮಾತು ಕೇಳಿದ ಮೇಲೆ ಲಾಕ್‌ಡೌನಿನ ರಾತ್ರಿಗಳಲ್ಲಿ ಅದನ್ನ ಹುಡುಕಿಕೊಂಡು ಹೋದೆ.

ಶ್ರೀರಂಗಪಟ್ಟಣದಿಂದ ಶುರು ಮಾಡೋಣ. 1799ರ ಮೇ 4ರಂದು ಟಿಪ್ಪು ಬಿದ್ದ. ಬ್ರಿಟಿಷರು ಮೈಸೂರನ್ನ ಒಡೆಯರಿಗೆ ಕೊಟ್ಟು ದ್ವೀಪವನ್ನ ತಮ್ಮ ಹತ್ತಿರವೇ ಇಟ್ಟುಕೊಂಡರು, ಅಲ್ಲೇ ದಂಡು ಕೂರಿಸಿದರು. ಗಟ್ಟಿ ಕೋಟೆ, ಸುತ್ತ ನದಿ, ಪಕ್ಕದಲ್ಲೇ ರಾಜಧಾನಿ ಮೈಸೂರು. ನಕ್ಷೆ ನೋಡಿದರೆ ಇದಕ್ಕಿಂತ ಒಳ್ಳೆ ಹೆಡ್ ಆಫೀಸು ಸಿಗಲ್ಲ. ತೊಂದರೆ ಬಂದಿದ್ದು ಜ್ವರದಿಂದ. ಕೋಟೆಯ ಕಂದಕ, ನಾಲೆ, ಭತ್ತದ ಗದ್ದೆ, ಎಲ್ಲೆಲ್ಲೂ ನಿಂತ ನೀರು. ಸಿಪಾಯಿಗಳು ಚಳಿಜ್ವರದಲ್ಲಿ ಮಲಗಿದರು, ಸತ್ತರು. ಮಲೇರಿಯಾಕ್ಕೆ ಸೊಳ್ಳೆ ಕಾರಣ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಳ್ಳೋದು 1897ಕ್ಕೆ. ಅಲ್ಲಿಯವರೆಗೆ ಎಲ್ಲರೂ ಬೈದದ್ದು ಕೆಟ್ಟ ಗಾಳಿಯನ್ನ. ಕಾರಣ ತಪ್ಪಾದರೂ ತೀರ್ಮಾನ ಸರಿಯಾಗಿತ್ತು ಅನ್ನಬೇಕು. ಸುಮಾರು ಹತ್ತು ವರ್ಷ ಸಹಿಸಿಕೊಂಡು 1809ರ ಹೊತ್ತಿಗೆ ದಂಡನ್ನ ಎತ್ತಿಕೊಂಡು ಬೆಂಗಳೂರಿಗೆ, ಹಲಸೂರು ಕೆರೆ ಕಡೆಗೆ ಹೋದರು. ಕಂಟೋನ್ಮೆಂಟು ಬೆಳೀತು, ಪರೇಡ್ ಮೈದಾನ ಬಂತು, ಅದರ ಅಂಚಿನ ಸೌತ್ ಪರೇಡು ಮುಂದೆ ಎಂ.ಜಿ. ರಸ್ತೆ ಆಯ್ತು. ಸಂಜೆ ಅಲ್ಲಿ ಕೂತು ಕಾಫಿ ಕುಡಿಯುವಾಗ ನಮ್ಮ ಜಿಲ್ಲೆಯ ಸೊಳ್ಳೆಗಳನ್ನ ಒಂದು ಸಲ ನೆನೆಸಿಕೊಳ್ಳಿ.

ಕಂಪನಿ ಸರ್ಕಾರದ ಲೆಕ್ಕದಲ್ಲಿ ಇದು ಯಶಸ್ವಿ ಯೋಜನೆ. ಪಟ್ಟಣದ ಲೆಕ್ಕ ಬೇರೆ. ದಂಡಿನ ಜೊತೆ ಗಿರಾಕಿಯೂ ಹೋದ. ದ್ವೀಪದ ಪೂರ್ವಕ್ಕಿರೋ ಗಂಜಾಂ ಪೇಟೆಗೆ ಜನ ತುಂಬಿಸೋಕೆ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನ ಎಬ್ಬಿಸಿ ತಂದಿದ್ದ ಅಂತ ಹಳೇ ಗೆಜೆಟಿಯರ್ ಹೇಳುತ್ತೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ, ಯುದ್ಧದಲ್ಲಿ ಅಷ್ಟೆಲ್ಲ ಕಳೆದುಕೊಂಡ ಮೇಲೂ, ಪಟ್ಟಣದಲ್ಲಿ ಸುಮಾರು 32,000 ಜನ ಇದ್ದರು. 1901ರ ಜನಗಣತಿಯಲ್ಲಿ ಉಳಿದದ್ದು ಎಂಟೂವರೆ ಸಾವಿರ. ಎಲ್ಲವನ್ನೂ ದಂಡಿನ ತಲೆಗೆ ಕಟ್ಟೋಕಾಗಲ್ಲ, ಟಿಪ್ಪು ಹೋದ ಮೇಲೆ ರಾಜಧಾನಿಯೂ ಮೈಸೂರಿಗೆ ಹೋಗಿತ್ತು, ಕೊನೆಗೆ ಪ್ಲೇಗೂ ಬಂತು. ಆದರೆ ಸಿಪಾಯಿಗೆ ರೊಟ್ಟಿ, ಬಟ್ಟೆ, ಹುಲ್ಲು ಮಾರಿ ಬದುಕ್ತಿದ್ದವನಿಗೆ ಬೆಂಗಳೂರಿನ ವಿಳಾಸ ಯಾರೂ ಕೊಟ್ಟಿರಲ್ಲ.

ಈಗ ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಗೆ ಬಂತು. 1897ರಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು, 2020ರಲ್ಲಿ ಧೂಳು ಒರೆಸಿ ಹೊರಗೆ ತೆಗೆದದ್ದೂ ಅದನ್ನೇ. 1898ರ ಆಗಸ್ಟಿನಲ್ಲಿ ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂತು, ಆಮೇಲೆ ಮೈಸೂರು, ನಡುವಿನ ಊರುಗಳು. ವಿ.ಪಿ. ಮಾಧವರಾಯರನ್ನ ಪ್ಲೇಗ್ ಕಮಿಷನರ್ ಮಾಡಿದರು. ಸ್ಟೇಷನ್ನಿನಲ್ಲಿ ತಪಾಸಣೆ, ಪ್ರಯಾಣಕ್ಕೆ ಪಾಸ್‌ಪೋರ್ಟು, ಸೋಂಕಿತರಿಗೆ ಬೇರೆ ಕ್ಯಾಂಪು, ಬಿಸಿಲು ಬೀಳಲಿ ಅಂತ ಮನೆಯ ಹೆಂಚು ತೆಗೆಸೋದು. ಕಿಕ್ಕಿರಿದ ಪೇಟೆಯ ಜನಕ್ಕೆ ಅಗಲ ಬೀದಿಯ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳೂ ಆ ಕಾಲದ್ದೇ. ಜನ ಇದನ್ನೆಲ್ಲ ಕೈಮುಗಿದು ಒಪ್ಪಿಕೊಳ್ಳಲಿಲ್ಲ. ಅದೇ ಗಂಜಾಂನಲ್ಲಿ 1898ರಲ್ಲಿ ಗಲಭೆಯಾಯ್ತು. ಪ್ಲೇಗ್ ನಿಯಮ ಮುರಿದು ಬಂಧನವಾದವರನ್ನ ಬಿಡಿಸಿಕೊಳ್ಳೋಕೆ ಸುತ್ತಲಿನ ಜನ ನುಗ್ಗಿದರು, ಗುಂಡು ಹಾರಿತು. ಅವರೆಲ್ಲ ಮೂಢರು ಅಂತ ಬರೆದಿರೋ ವರದಿಗಳನ್ನ ಓದುವಾಗ ನನಗೆ ಕಿರಿಕಿರಿ ಆಗುತ್ತೆ. ಕ್ಯಾಂಪಿಗೆ ಹೋದವನ ದನಕ್ಕೆ ಹುಲ್ಲು ಹಾಕೋರ್ಯಾರು, ಅಂಗಡಿ ಕಾಯೋರ್ಯಾರು ಅನ್ನೋದು ನಿಯಮದ ಪುಸ್ತಕದಲ್ಲಿ ಇರಲಿಲ್ಲ.

ಬೊಂಬಾಯಿಯ ಗಿರಣಿಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತ್ತು, ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಅದೇ. ಅಲ್ಲಿ ಸಂಬಳ ತಿಂಗಳಿಗೊಮ್ಮೆ, ಅದೂ ಹಲವು ವಾರ ತಡವಾಗಿ. ಅಂದರೆ ಕೆಲಸಗಾರನ ದುಡ್ಡು ಯಾವಾಗಲೂ ಮಾಲೀಕನ ಹತ್ತಿರ ಅಡವಿರುತ್ತಿತ್ತು, ಬಿಟ್ಟು ಹೋದರೆ ಅಷ್ಟೂ ಹೋಯ್ತು. ಪ್ಲೇಗು ಬಂದಾಗ ಆ ದುಡ್ಡಿನ ಆಸೆಯನ್ನೂ ಬಿಟ್ಟು ಲಕ್ಷಾಂತರ ಜನ ಊರು ಖಾಲಿ ಮಾಡಿದರು. 1897ರ ಆರಂಭದಲ್ಲಿ ಮಗ್ಗ ನಡೆಸೋಕೆ ಕೈಗಳಿಲ್ಲ. ಮಾಲೀಕರು ಬೀದಿ ಮೂಲೆಯಲ್ಲಿ ನಿಂತು ಕೂಲಿ ಕೂಗಿದರು, ಒಬ್ಬರ ಆಳನ್ನ ಇನ್ನೊಬ್ಬರು ಹೆಚ್ಚು ಕೊಟ್ಟು ಎಳೆದುಕೊಂಡರು, ಅಂದಿನ ಕೂಲಿ ಅಂದೇ ಸಂಜೆ ಕೈಗೆ ಕೊಟ್ಟರು. ಗಿರಣಿ ನಡೆದದ್ದು ಹಾಗೆ. ಭಯ ಕಮ್ಮಿಯಾಗಿ ಜನ ವಾಪಸ್ಸು ಬಂದ ಕೂಡಲೇ ಮತ್ತೆ ತಿಂಗಳ ಸಂಬಳ, ಮತ್ತೆ ಬಾಕಿ.

ನಮ್ಮ ಕಡೆ ಗಿರಣಿ ಇರಲಿಲ್ಲ, ಅಂಗಡಿ ಇತ್ತು, ಬೇಸಾಯ ಇತ್ತು. ಮೈಸೂರು ಸೀಮೆಯಲ್ಲಿ ಪ್ಲೇಗು 1898ಕ್ಕೇ ಮುಗಿಯಲಿಲ್ಲ, ನಲವತ್ತು ವರ್ಷ ಬಂದು ಬಂದು ಹೋಯ್ತು. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಗೊತ್ತು, ಅದು ಪಕ್ಕದ ಚನ್ನರಾಯಪಟ್ಟಣ ಕಡೆಯ ಕಥೆ. ನಮ್ಮಜ್ಜಿ ಹೇಳೋದು ಅವಳಿಗೆ ಎಂಟು ವರ್ಷ ಇದ್ದಾಗಿನದು, 1940ರ ಆಸುಪಾಸು. ಅವರಪ್ಪನದು ದಿನಸಿ ಅಂಗಡಿ. ಪ್ಲೇಗಿಗೆ ದಿನಸಿ ಅಂಗಡಿಯಷ್ಟು ಅಪಾಯದ ಜಾಗ ಇನ್ನೊಂದಿಲ್ಲ: ಕಾಳು ಇದ್ದಲ್ಲಿ ಇಲಿ, ಇಲಿ ಮೈಮೇಲೆ ಚಿಗಟ, ಇಲಿ ಸತ್ತರೆ ಚಿಗಟ ಮನುಷ್ಯರನ್ನ ಹುಡುಕುತ್ತೆ. ಮೊದಲ ಇಲಿ ಬಿದ್ದಿದ್ದೂ ಅವರ ಅಂಗಡಿಯಲ್ಲೇ, ರಾಗಿ ಮೂಟೆ ಸಂದಿಯಲ್ಲಿ.

ಎರಡು ದಿನದಲ್ಲಿ ಊರು ಖಾಲಿ. ಹೊಲದಲ್ಲಿ ತೆಂಗಿನ ಗರಿ ಹೊದಿಸಿ ಗುಡ್ಲು ಹಾಕಿದರು. ಅವರಪ್ಪ ಅಂಗಡಿಯಿಂದ ತಂದದ್ದು ತಕ್ಕಡಿ, ಸೇರು, ಪಾವು, ಉಪ್ಪು, ಬೆಲ್ಲ, ಸೀಮೆಎಣ್ಣೆ ಡಬ್ಬ, ಲೆಕ್ಕದ ಪುಸ್ತಕ. ಕಾಳಿನ ಮೂಟೆ ಒಂದನ್ನೂ ಮುಟ್ಟಲಿಲ್ಲ. ಯಾವುದನ್ನ ಬಿಟ್ಟು ಬರಬೇಕು ಅನ್ನೋದು ಅವನಿಗೆ ಗೊತ್ತಿತ್ತು, ನಮ್ಮ ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಇರಲಿಲ್ಲ.

"ರಾಗಿ ಬಿಟ್ಟು ಬಂದ್ರೆ ತಿನ್ನೋಕೇನು?" ಅಂದೆ.

"ಹಗೇವು ಇತ್ತಲ್ಲಪ್ಪ."

ಹಗೇವು ಅಂದರೆ ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ರಾಗಿ ಕಣಜ. ಬಾಯಿ ಕಿರಿದು, ಒಡಲು ಅಗಲ. ತುಂಬಿ, ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡಲ್ಲ, ಇಲಿಗೂ ಸಿಗಲ್ಲ. ತೆಗೆಯುವಾಗ ಕೂಡಲೇ ಇಳಿಯಂಗಿಲ್ಲ. ಒಳಗೆ ವಿಷಗಾಳಿ ಇರುತ್ತೆ, ದೀಪ ಇಳಿಬಿಟ್ಟು ಆರುತ್ತಾ ನೋಡಬೇಕು. ಬರಗಾಲಕ್ಕೆ ಅಂತ ಮಾಡಿಕೊಂಡ ವ್ಯವಸ್ಥೆ ಪ್ಲೇಗಿಗೂ ಒದಗಿತು. ಅವರ ಹಗೇವು ಊರ ಹೊರಗಿನ ಕಣದಲ್ಲಿತ್ತು, ಹಾಗಾಗಿ ಊರೊಳಗೆ ಕಾಲಿಡದೆ ಆ ಎರಡು ಮೂರು ತಿಂಗಳು ಗುಡ್ಲಲ್ಲೇ ವ್ಯಾಪಾರ ನಡೀತು. ಪಕ್ಕದ ಹಳ್ಳಿಯವರು ದೂರದಲ್ಲಿ ನಿಂತು ಕೂಗೋರು, ಇವರು ಅಳೆದು ಬದುವಿನ ಮೇಲಿಟ್ಟು ಹಿಂದೆ ಸರಿಯೋರು. ದುಡ್ಡು? ಯಾರ ಹತ್ರ ಇತ್ತು ದುಡ್ಡು, ಎಲ್ಲ ಬರೆದುಕೊಳ್ಳೋದೇ. ಇನಾಕ್ಯುಲೇಷನ್ ಮಾಡೋರು ಬಂದಾಗ ಅರ್ಧ ಜನ ಚುಚ್ಚಿಸಿಕೊಂಡರು, ಅರ್ಧ ಜನ ಜೋಳದ ಹೊಲದಲ್ಲಿ ಅವಿತುಕೊಂಡರು. ಅಜ್ಜಿ ಅವಿತುಕೊಂಡವರ ಪೈಕಿ. ಹೇಳಿ ಈಗಲೂ ನಗ್ತಾಳೆ.

ನಗದೆ ಹೇಳೋದು ಒಂದಿದೆ. ವಾಪಸ್ಸು ಊರಿಗೆ ಬಂದ ಮೇಲೆ ಅವರಪ್ಪ ಲೆಕ್ಕದ ಪುಸ್ತಕ ತೆಗೆದು ಕೂತ. ಎರಡು ಮನೆಯವರು ಪೂರ್ತಿ ಹೋಗಿದ್ದರು. ಆ ಎರಡು ಪುಟಕ್ಕೆ ಅಡ್ಡಗೆರೆ ಹೊಡೆದ. ಮೂರನೇ ಮನೆಯಲ್ಲಿ ಹೆಂಗಸೊಬ್ಬಳು ಮಾತ್ರ ಉಳಿದಿದ್ದಳು. ಅವಳ ಪುಟಕ್ಕೆ ಗೆರೆ ಹೊಡೆಯಲಿಲ್ಲ, ಅವಳು ವರ್ಷಗಟ್ಟಲೆ ಇವರ ಹೊಲದಲ್ಲಿ ಕಳೆ ಕಿತ್ತು ತೀರಿಸಿದಳು. "ಅಪ್ಪ ಅದೊಂದ್ ತಪ್ ಮಾಡ್ದ" ಅಂತಾಳೆ ಅಜ್ಜಿ. ಎಂಬತ್ತು ವರ್ಷವಾದರೂ ಆ ಹೆಂಗಸಿನ ಹೆಸರು ಅವಳಿಗೆ ನೆನಪಿದೆ, ಎಷ್ಟು ಬಾಕಿ ಇತ್ತು ಅನ್ನೋದು ನೆನಪಿಲ್ಲ.

2020ರ ಮೇ ತಿಂಗಳಿಗೆ ಬರ್ತೀನಿ. ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಮುಂಬೈಗೆ ಹೋಗಿ ಹೋಟೆಲ್ಲು, ಆಟೋ, ಸಣ್ಣಪುಟ್ಟ ಕೆಲಸ ಹಿಡಿದವರು ತುಂಬಾ ಜನ. ಲಾಕ್‌ಡೌನ್ ಸ್ವಲ್ಪ ಸಡಿಲಾದ ಕೂಡಲೇ ಸೇವಾಸಿಂಧು ಪಾಸು ಹಿಡಿದು ಬಸ್ಸು, ಕಾರು, ಲಾರಿಗಳಲ್ಲಿ ವಾಪಸ್ಸು ಬಂದರು. ಕ್ಯಾಂಪಿನ ಜಾಗದಲ್ಲಿ ಈಗ ಹಾಸ್ಟೆಲ್ಲು, ಶಾಲೆ. ಮಂಡ್ಯದ ಕೊರೊನಾ ಸಂಖ್ಯೆ ಏರಿದ್ದು ಆಗಲೇ, ಅದರಲ್ಲಿ ಕೆ.ಆರ್.ಪೇಟೆ ತಾಲ್ಲೂಕಿನವರೇ ಬಹಳ. ಟಿವಿಯಲ್ಲಿ ಅವರನ್ನ 'ಮುಂಬೈ ನಂಜು' ಅನ್ನೋ ಹಾಗೆ ತೋರಿಸಿದರು. ಮುಂಬೈ ಅವರನ್ನ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ಯಾರೂ ಕೇಳಿದ ನೆನಪಿಲ್ಲ.

ಅವರಲ್ಲೊಬ್ಬ ನಮ್ಮ ಬೀದಿಯ ಹುಡುಗ, ನನ್ನ ಜೊತೆ ಹೈಸ್ಕೂಲು ಓದಿದವನು. ಹಾಸ್ಟೆಲ್ಲಿನ ಕಿಟಕಿಯಿಂದ ವಿಡಿಯೋ ಕಾಲ್ ಮಾಡಿದ್ದ. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕಂಪನಿ ಕಳಿಸಿಕೊಟ್ಟ ಕುರ್ಚಿ ಮೇಲೆ ಕೂತಿದ್ದೆ. ಪ್ಲಾನ್ ಚೆನ್ನಾಗೇ ಕೆಲಸ ಮಾಡಿತ್ತು, ಒಂದು ದಿನದ ಸಂಬಳವೂ ತಪ್ಪಿರಲಿಲ್ಲ. ನಮ್ಮ ಫ್ಲೋರ್ ಗುಡಿಸ್ತಿದ್ದ ಅಕ್ಕನ ಹೆಸರು ಆ ಶೀಟಿನಲ್ಲಿ ಯಾವ ಬಣ್ಣದಲ್ಲೂ ಇರಲಿಲ್ಲ ಅನ್ನೋದು ನನಗೆ ಹೊಳೆದದ್ದು ಅವತ್ತು, ಅವನ ಜೊತೆ ಮಾತಾಡ್ತಾ.

"ಮಾರ್ಚ್ ತಿಂಗಳು ಇಪ್ಪತ್ತು ದಿನ ಮಾಡಿದ್ದೆ ಕಣೋ" ಅಂದ. "ಶೇಠ್ ಆಮೇಲೆ ಹಾಕ್ತೀನಿ ಅಂದವ್ನೆ."

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಸಿಕ್ಕಿದ್ದ. ಈಗ ಕೆ.ಆರ್.ಪೇಟೆಯಲ್ಲೇ ಚಿಕ್ಕ ಹೋಟೆಲ್ ಇಟ್ಟಿದ್ದಾನೆ. ಆ ಇಪ್ಪತ್ತು ದಿನದ ಸಂಬಳ ಇನ್ನೂ ಬಂದಿಲ್ಲ. ಅವನ ಹೋಟೆಲಲ್ಲಿ ಇಬ್ಬರು ಹುಡುಗರಿದ್ದಾರೆ, ಅವರ ಕೂಲಿ ಅಂದಂದೇ ಸಂಜೆ.