ಬ್ರೇಕ್ ಒತ್ತಿದಾಗ ಪೆಟ್ರೋಲ್ ಎಲ್ಲಿಗೆ ಹೋಗುತ್ತೆ? ಹೈಬ್ರಿಡ್ ಕಾರಿನ ಕಥೆ

(1/5)
ಮಾವನ ಹೈಬ್ರಿಡ್ ಕಾರನ್ನ ಮೊದಲನೇ ಸಲ ಸ್ಟಾರ್ಟ್ ಮಾಡೋಕೆ ಕೂತಾಗ ಬಟನ್ ಒತ್ತಿದೆ, ಸದ್ದೇ ಬರಲಿಲ್ಲ. ಮತ್ತೆ ಒತ್ತಿದೆ. ಇನ್ನೊಂದು ಸಲ ಒತ್ತಿದೆ. "ಲೋ, ಅದು ಮೊದಲೇ ಆನ್ ಆಗಿತ್ತು, ನೀನೇ ಆಫ್ ಮಾಡಿ ಆನ್ ಮಾಡ್ತಾ ಇದ್ದೀಯ" ಅಂತ ಮಾವ ನಕ್ಕರು. ಮುಂದೆ ಸಣ್ಣದೊಂದು ದೀಪ ಹತ್ತಿರುತ್ತೆ, ಅಷ್ಟೇ. ಗಾಡಿ ಹಿಂದಕ್ಕೆ ತೆಗೆದರೆ ಗೇಟಿನ ಹತ್ತಿರ ಮಲಗಿದ್ದ ನಾಯಿಯೂ ಏಳಲಿಲ್ಲ. ಇಳಿದು ಹೋಗಿ ಎಬ್ಬಿಸಬೇಕಾಯ್ತು.

ಈಗ ಅಪ್ಪನಿಗೂ ಅದೇ ಆಸೆ. ನಮ್ಮೂರು ಬಿಡದಿ. ಕೆಂಗೇರಿಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಹನ್ನೆರಡು ವರ್ಷದ ಡೀಸೆಲ್ ಗಾಡಿಯಲ್ಲಿ ಅಪ್ಪ ದಿನಾ ಹೋಗಿ ಬರ್ತಾರೆ, ವಾರಕ್ಕೆರಡು ಸಲ ಸಾಮಾನಿಗೆ ಅಂತ ಕಲಾಸಿಪಾಳ್ಯಕ್ಕೆ ಹೋಗ್ತಾರೆ. ಹೋದ ವಾರ ಊಟ ಮಾಡ್ತಾ "ಬಿಕಾಂ ಓದ್ತಿದ್ದೀಯಲ್ಲ, ಹೈಬ್ರಿಡ್ ತಗೊಂಡ್ರೆ ಲಾಭನೋ ನಷ್ಟನೋ ಲೆಕ್ಕ ಹಾಕಿ ಹೇಳು" ಅಂದರು. ಲಕ್ಷಗಟ್ಟಲೆ ಸಾಲದ ಮಾತು, ತಮಾಷೆ ಅಲ್ಲ. ಲೆಕ್ಕ ಹಾಕೋಕೆ ಕೂತವನು ನೇರವಾಗಿ 1900ನೇ ಇಸವಿಗೆ ಹೋಗಿ ಬಿದ್ದೆ. ನೀವೂ ಬನ್ನಿ.

(2/5)
ಹೈಬ್ರಿಡ್ ಅಂದ್ರೆ ಹೊಸ ಟೆಕ್ನಾಲಜಿ ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ವಿಯೆನ್ನಾದಲ್ಲಿ ಲೋನರ್ ಅನ್ನೋ ಕುದುರೆಗಾಡಿ ತಯಾರಿಸುವ ಹಳೇ ಕಂಪನಿ ಇತ್ತು. ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತೈದು ವರ್ಷದ ಹುಡುಗನ ಹೆಸರು ಫರ್ಡಿನಾಂಡ್ ಪೋರ್ಶೆ. ಹೌದು, ಅದೇ ಪೋರ್ಶೆ. ಚಕ್ರದ ಒಳಗೇ ಮೋಟರ್ ಇಟ್ಟ ಇವನ ಎಲೆಕ್ಟ್ರಿಕ್ ಕಾರು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಹೆಸರು ಮಾಡಿತು. ತೊಂದರೆ ಏನಂದ್ರೆ, ಸೀಸದ ಬ್ಯಾಟರಿ ವಿಪರೀತ ಭಾರ, ಹೋಗೋ ದೂರ ಮಾತ್ರ ಕಮ್ಮಿ.

ಅದಕ್ಕೆ ಪೋರ್ಶೆ ಇನ್ನೊಂದು ಉಪಾಯ ಮಾಡಿದ. ಬ್ಯಾಟರಿ ಚಿಕ್ಕದು ಮಾಡಿ, ಕಾರಿನ ಮೇಲೇ ಎರಡು ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಿದ. ಆ ಎಂಜಿನ್‌ಗಳು ಚಕ್ರ ತಿರುಗಿಸೋದಿಲ್ಲ, ಕರೆಂಟ್ ಮಾತ್ರ ತಯಾರು ಮಾಡ್ತವೆ. ಆ ಕಾರಿನ ಹೆಸರು ಸೆಂಪರ್ ವೀವಸ್. ಲ್ಯಾಟಿನ್‌ನಲ್ಲಿ 'ಸದಾ ಜೀವಂತ' ಅಂತ ಅರ್ಥ. ಪಾಪ, ಹೆಸರಿಗೆ ತಕ್ಕಂತೆ ಬದುಕಲಿಲ್ಲ. ಒಂದೇ ಗಾಡಿಯಲ್ಲಿ ಎರಡು ಗಾಡಿಯ ಖರ್ಚು, ಎರಡು ಗಾಡಿಯ ರಿಪೇರಿ. 1908ರಲ್ಲಿ ಫೋರ್ಡ್‌ನ ಮಾಡೆಲ್ ಟಿ ಬಂತು, 1912ರಲ್ಲಿ ಕ್ಯಾಡಿಲಾಕ್‌ಗೆ ಸೆಲ್ಫ್ ಸ್ಟಾರ್ಟರ್ ಬಂತು. ಕೈಯಲ್ಲಿ ಹ್ಯಾಂಡಲ್ ತಿರುಗಿಸೋ ಕಾಟ ತಪ್ಪಿದ ಮೇಲೆ ಪೆಟ್ರೋಲ್ ಕಾರು ಬಿಟ್ಟು ಬೇರೆ ಕಡೆ ನೋಡುವವರೇ ಇಲ್ಲದ ಹಾಗಾಯ್ತು.

1970ರ ದಶಕದಲ್ಲಿ ಅಮೆರಿಕದ ವಿಕ್ಟರ್ ವೌಕ್ ಅನ್ನೋ ಎಂಜಿನಿಯರ್ ಒಂದು ಬ್ಯೂಕ್ ಕಾರನ್ನು ಬಿಚ್ಚಿ ಹೈಬ್ರಿಡ್ ಮಾಡಿ ಓಡಿಸಿಯೂ ತೋರಿಸಿದ. ಸರ್ಕಾರ ಆ ಯೋಜನೆಯನ್ನೇ ನಿಲ್ಲಿಸಿಬಿಟ್ಟಿತು. ಮತ್ತೆ ಇಪ್ಪತ್ತು ವರ್ಷ ಮೌನ.

(3/5)
ಈಗ ಜಪಾನ್. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ.

1993ರಲ್ಲಿ ಟೊಯೋಟಾ '21ನೇ ಶತಮಾನಕ್ಕೊಂದು ಕಾರು' ಅಂತ ಕೆಲಸ ಶುರು ಮಾಡಿತು. ಮುಖ್ಯಸ್ಥ ತಕೇಶಿ ಉಚಿಯಮಾಡ. ಈತ ಕಾರಿನ ಸದ್ದು, ನಡುಕ ಕಮ್ಮಿ ಮಾಡುವುದರಲ್ಲಿ ಪಳಗಿದವರು. ಅದಕ್ಕೆ ಮುಂಚೆ ಒಂದೇ ಒಂದು ಕಾರಿನ ಯೋಜನೆಯನ್ನೂ ನಡೆಸಿದವರಲ್ಲ! ಮೊದಲು ಇದ್ದ ಗುರಿ, ಮೈಲೇಜ್ ಒಂದೂವರೆ ಪಟ್ಟು ಆಗಬೇಕು ಅನ್ನೋದು. ಎಂಜಿನ್ ಸುಧಾರಿಸಿದರೆ ಅಷ್ಟು ಸಾಕು ಅಂತ ತಂಡ ಲೆಕ್ಕ ಹಾಕಿತ್ತು. ಮೇಲಿನವರು ಒಪ್ಪಲಿಲ್ಲ, ಎರಡು ಪಟ್ಟು ಬೇಕು ಅಂದರು. ಬರೀ ಎಂಜಿನ್‌ನಿಂದ ಅದು ಆಗದ ಮಾತು. ಹಾಗಾಗಿ ಹೈಬ್ರಿಡ್ ಬಿಟ್ಟು ಬೇರೆ ದಾರಿಯೇ ಉಳಿಯಲಿಲ್ಲ.

1995ರ ಟೋಕಿಯೋ ಮೋಟರ್ ಶೋನಲ್ಲಿ 'ಪ್ರಿಯಸ್' ಅಂತ ಹೆಸರಿಟ್ಟು ಒಂದು ಮಾದರಿ ತೋರಿಸಿದರು. ಅದೇ ವರ್ಷದ ಕೊನೆಗೆ ಪರೀಕ್ಷೆಗೆ ಅಂತ ಕಟ್ಟಿದ ಗಾಡಿ ಎಷ್ಟು ದಿನ ಅಲ್ಲಾಡಲಿಲ್ಲ ಗೊತ್ತಾ? 49 ದಿನ. ಎಂಜಿನಿಯರ್‌ಗಳು ರಾತ್ರಿ ಹಗಲು ಕೂತರು. 49 ದಿನ ಆದ ಮೇಲೆ ಗಾಡಿ ಹೊರಟಿತು, 500 ಮೀಟರ್ ಹೋಗಿ ನಿಂತಿತು. ಇಷ್ಟರ ನಡುವೆ ಹೊಸದಾಗಿ ಬಂದ ಅಧ್ಯಕ್ಷ ಹಿರೋಶಿ ಒಕುಡ, ಬಿಡುಗಡೆ 1998ರ ಕೊನೆಗಲ್ಲ, 1997ಕ್ಕೇ ಆಗಬೇಕು ಅಂದರು. ಇಂಟರ್ನಲ್ಸ್ ದಿನಾಂಕ ಹಿಂದಕ್ಕೆ ಬಂದರೆ ನಾವು ಹೇಗೆ ಒದ್ದಾಡ್ತೀವಿ, ನೆನಪು ಮಾಡಿಕೊಳ್ಳಿ.

ಆದರೂ 1997ರ ಡಿಸೆಂಬರ್‌ನಲ್ಲಿ ಪ್ರಿಯಸ್ ಜಪಾನಿನ ರಸ್ತೆಗೆ ಬಂತು. ಅದೇ ತಿಂಗಳು ಕ್ಯೋಟೋದಲ್ಲಿ ಜಗತ್ತಿನ ದೇಶಗಳು ಸೇರಿ ಹವಾಮಾನ ಒಪ್ಪಂದಕ್ಕೆ ಬರ್ತಾ ಇದ್ದವು.

ಅಷ್ಟಕ್ಕೂ ಪೆಟ್ರೋಲ್ ಉಳಿಯೋದು ಎಲ್ಲಿಂದ? ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದರೆ ಅದುವರೆಗೆ ಪೆಟ್ರೋಲ್ ಸುಟ್ಟು ಗಳಿಸಿದ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತೆ. ದುಡ್ಡು ಕೊಟ್ಟು ವೇಗ ಕೊಂಡು, ಸಿಗ್ನಲ್ ಬಂದಾಗ ರಸ್ತೆಗೆ ಚೆಲ್ಲಿದ ಹಾಗೆ. ತಾತನ ಸೈಕಲ್‌ನಲ್ಲಿ ಡೈನಮೋ ಇತ್ತಾ? ಡೈನಮೋ ತಾಗಿಸಿದ ತಕ್ಷಣ ಪೆಡಲ್ ಭಾರ ಆಗ್ತಿತ್ತಲ್ಲ? ಹೈಬ್ರಿಡ್ ಕಾರು ನಿಲ್ಲೋದು ಆ ಭಾರದಿಂದಲೇ. ಬ್ರೇಕ್ ಒತ್ತಿದರೆ ಚಕ್ರ ತಿರುಗಿಸ್ತಿದ್ದ ಮೋಟರ್ರೇ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತೆ. ಮುಂದೆ ಹೊರಡುವಾಗ ಆ ಕರೆಂಟ್ ಉಪಯೋಗಕ್ಕೆ ಬರುತ್ತೆ. ಪ್ರಿಯಸ್‌ನಲ್ಲಿ ಎಂಜಿನ್, ಜನರೇಟರ್, ಮೋಟರ್ ಮೂರನ್ನೂ ಒಂದೇ ಗೇರ್ ಜೋಡಣೆಗೆ ಕಟ್ಟಿದ್ದರಿಂದ ಕ್ಲಚ್ಚೂ ಇಲ್ಲ, ಗೇರ್ ಬದಲಿಸೋದೂ ಇಲ್ಲ. ಬ್ಯಾಟರಿ ಬಾಳಿಕೆ ಬರೋಕೆ ಇನ್ನೊಂದು ಜಾಣತನ ಇದೆ. ಅದನ್ನ ಯಾವತ್ತೂ ಪೂರ್ತಿ ತುಂಬಿಸಲ್ಲ, ಪೂರ್ತಿ ಖಾಲಿಯೂ ಮಾಡಲ್ಲ.

(4/5)
ಬಿಡದಿ ಅಂದ್ರೆ ನಿಮಗೆ ತಟ್ಟೆ ಇಡ್ಲಿ ನೆನಪಾಗುತ್ತೆ, ಗೊತ್ತು. ನಮಗೆ ಶಿಫ್ಟ್ ಬಸ್‌ಗಳು ನೆನಪಾಗ್ತವೆ. ಪ್ರಿಯಸ್ ಬಂದ ಅದೇ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿತು, ಬಿಡದಿಯಲ್ಲಿ ಕಾರ್ಖಾನೆ ಬಂತು. ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ, ಎಲ್ಲ ಡೀಸೆಲ್ಲಿನ ಕಾಲ. ಪ್ರಿಯಸ್ 2010ರಲ್ಲಿ ಭಾರತಕ್ಕೆ ಬಂದಿದ್ದು ಹಡಗಿನಲ್ಲಿ, ಆಮದಾಗಿ. ಅದರ ಬೆಲೆ ಕೇಳಿ ಜನ ಸುಮ್ಮನಾದರು. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಬಿಡದಿಯಲ್ಲೇ ತಯಾರಾಗೋಕೆ ಶುರುವಾಯ್ತು.

ಆಮೇಲೆ ಬಂತು ನಮ್ಮ ಸಿಲಬಸ್! 2017ರ ಜುಲೈನಲ್ಲಿ ಜಿಎಸ್‌ಟಿ. ಅದಕ್ಕೆ ಮುಂಚೆ ಹೈಬ್ರಿಡ್ ಕಾರಿನ ಮೇಲೆ ಒಟ್ಟು ತೆರಿಗೆ ಸುಮಾರು 30% ಇತ್ತು. ಜಿಎಸ್‌ಟಿ 28%, ಅದರ ಮೇಲೆ ಸೆಸ್ 15%, ಸೇರಿ 43% ಆಯ್ತು. 2019ರ ಆಗಸ್ಟ್‌ನಿಂದ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಬರೀ 5%. ಸರ್ಕಾರದ ವಾದ ಅರ್ಥವಾಗುತ್ತೆ: ಹೈಬ್ರಿಡ್ ಹೊರಗಿನಿಂದ ಚಾರ್ಜ್ ಆಗಲ್ಲ, ಕೊನೆಗೂ ಕುಡಿಯೋದು ಪೆಟ್ರೋಲ್ಲೇ. ಆದರೆ ಕಮ್ಮಿ ಕುಡಿಯೋದಕ್ಕೆ ಒಂದಿಷ್ಟಾದರೂ ರಿಯಾಯಿತಿ ಬೇಡವಾ? ನನಗೆ ಈ 43 ಮತ್ತು 5ರ ನಡುವಿನ ಅಂತರ ನ್ಯಾಯ ಅನ್ನಿಸಲ್ಲ. ಎಕನಾಮಿಕ್ಸ್ ಕ್ಲಾಸಿನಲ್ಲಿ ಇದೇ ವಿಷಯಕ್ಕೆ ಜಗಳ ಆಡಿದ್ದೂ ಆಗಿದೆ, ಲಾಸ್ಟ್ ಬೆಂಚ್ ಸಾಕ್ಷಿ.

ಇಷ್ಟಿದ್ದರೂ 2022ರಲ್ಲಿ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ, ಹೈಕ್ರಾಸ್, ಮೂರೂ ಬಿಡದಿಯಿಂದಲೇ ಹೊರಟವು. 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಮಾಫಿ ಮಾಡಿತು. ಬಿಡದಿಯಲ್ಲಿ ತಯಾರಾದ ಕಾರಿಗೆ ಲಕ್ನೋದಲ್ಲಿ ಮರ್ಯಾದೆ! 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಯ್ತು, ನಾಲ್ಕು ಮೀಟರ್ ದಾಟಿದ ಹೈಬ್ರಿಡ್‌ಗೆ ಈಗ 40%.

(5/5)
ಇನ್ನು ಓಡಿಸೋ ಮಾತು. ಮಾವನ ಗಾಡಿಯನ್ನ ನಾನು ಎಕ್ಸ್‌ಪ್ರೆಸ್‌ವೇನಲ್ಲೂ ಓಡಿಸಿದ್ದೇನೆ, ನಾಯಂಡಹಳ್ಳಿ ಜಾಮ್‌ನಲ್ಲೂ ಓಡಿಸಿದ್ದೇನೆ. ಬೇರೆ ಕಾರು ಹೈವೇನಲ್ಲಿ ಮೈಲೇಜ್ ಕೊಡುತ್ತೆ, ಊರೊಳಗೆ ಕುಡಿಯುತ್ತೆ. ಇದು ಉಲ್ಟಾ. ಎಕ್ಸ್‌ಪ್ರೆಸ್‌ವೇನಲ್ಲಿ ನೂರರ ವೇಗದಲ್ಲಿ ಎಂಜಿನ್ ಓಡ್ತಾನೇ ಇರುತ್ತೆ, ಬ್ರೇಕ್ ಒತ್ತೋದೇ ಕಮ್ಮಿ, ಹಾಗಾಗಿ ಬ್ಯಾಟರಿಗೆ ಕೆಲಸ ಇಲ್ಲ. ಜಾಮ್‌ನಲ್ಲಿ ಅರ್ಧಕ್ಕರ್ಧ ಹೊತ್ತು ಎಂಜಿನ್ ಬಂದ್. ಎಸಿ ಮಾತ್ರ ತಣ್ಣಗೆ ಬರ್ತಾ ಇರುತ್ತೆ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿದರೆ ನಿಂತಲ್ಲೇ ಎಂಜಿನ್ ತಾನಾಗಿ ಎದ್ದು ಗುರ್ ಅನ್ನುತ್ತೆ, ಹೊಸಬರು ಬೆಚ್ಚಿಬೀಳ್ತಾರೆ. ಘಾಟಿ ಹತ್ತುವಾಗ ಎಂಜಿನ್ ಕಿರುಚುವಷ್ಟು ವೇಗ ಏರಲ್ಲ, ಅದು ನನಗೆ ಹಿಡಿಸಲಿಲ್ಲ. ಇಳಿಯುವಾಗ ಬ್ಯಾಟರಿಯ ಗೆರೆಗಳು ಒಂದೊಂದಾಗಿ ತುಂಬೋದು ನೋಡೋಕೆ ಮಾತ್ರ ಮಜಾ.

ಇಟ್ಟುಕೊಂಡವರಿಗೆ ಇನ್ನೊಂದೆರಡು ಕಿರಿಕಿರಿ ಇವೆ. ಹಿಂದಿನ ಸೀಟಿನ ಹತ್ತಿರ ದೊಡ್ಡ ಬ್ಯಾಟರಿಗೆ ಗಾಳಿ ಹೋಗೋ ಕಿಂಡಿ ಇದೆ, ಅದಕ್ಕೆ ಚೀಲ ಅಡ್ಡ ಇಟ್ಟರೆ ಮಾವ ಬಯ್ತಾರೆ. ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟ್ ಬ್ಯಾಟರಿಯೂ ಇರುತ್ತೆ. ವಾರಗಟ್ಟಲೆ ಗಾಡಿ ತೆಗೆಯದೆ ಆ ಚಿಕ್ಕದು ಸತ್ತರೆ, ದೊಡ್ಡದು ತುಂಬಿದ್ದರೂ ಕಾರು ಏಳಲ್ಲ.

ಈಗ ಅಪ್ಪನ ಲೆಕ್ಕ. ಅಂಕಿಗಳು ನಾನೇ ಅಂದಾಜಿಗೆ ಇಟ್ಟುಕೊಂಡಿದ್ದು. ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ ಹೈಬ್ರಿಡ್‌ಗೆ 4 ಲಕ್ಷ ಜಾಸ್ತಿ ಅಂದುಕೊಳ್ಳಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ. ಅದು 13 ಕಿ.ಮೀ. ಕೊಟ್ಟರೆ ಇದು 20. ಕಿಲೋಮೀಟರಿಗೆ ಉಳಿಯೋದು ಸುಮಾರು 2 ರೂಪಾಯಿ 70 ಪೈಸೆ. 4 ಲಕ್ಷ ವಾಪಸ್ ಬರೋಕೆ ಒಂದೂವರೆ ಲಕ್ಷ ಕಿ.ಮೀ. ಓಡಬೇಕು. ಅಪ್ಪ ಓಡಿಸೋದು ತಿಂಗಳಿಗೆ 1,500. ಅಂದ್ರೆ ಎಂಟು ವರ್ಷ ದಾಟುತ್ತೆ. ಹೈಬ್ರಿಡ್ ಬ್ಯಾಟರಿಗೆ ಟೊಯೋಟಾ ಇಲ್ಲಿ ಕೊಡೋ ವಾರಂಟಿಯೂ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಜೊತೆಗೆ ಆ 4 ಲಕ್ಷ ಸಾಲದ್ದು. 9% ಅಂದರೂ ಮೊದಲ ವರ್ಷ ಬಡ್ಡಿ ಹತ್ತಿರ ಹತ್ತಿರ 36 ಸಾವಿರ, ಪೆಟ್ರೋಲ್‌ನಲ್ಲಿ ಉಳಿಯೋದು 48 ಸಾವಿರ. ತಿಂಗಳಿಗೆ ಮೂರು ಸಾವಿರ ಕಿ.ಮೀ. ಓಡಿಸೋರಾದರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಿದ್ದೆ.

ಭಾನುವಾರ ಲೆಕ್ಕದ ಹಾಳೆ ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಸರಿಯಾಗಿದೆ" ಅಂದರು. ಆಮೇಲೆ ಎಡ ಮಂಡಿ ಒತ್ತಿಕೊಳ್ಳುತ್ತಾ, "ಜಾಮ್‌ನಲ್ಲಿ ಹನ್ನೆರಡು ವರ್ಷ ಕ್ಲಚ್ ತುಳಿದಿದ್ದು ಯಾವ ಕಾಲಂನಲ್ಲಿ ಬರೆದಿದ್ದೀಯ?" ಅಂತ ಕೇಳಿದರು.

ಅದಕ್ಕೆ ಆಟೋಮ್ಯಾಟಿಕ್ ಪೆಟ್ರೋಲ್ ಗಾಡಿ ಸಾಕಲ್ಲ ಅಂದೆ. ಅಪ್ಪ ಒಪ್ಪಲೂ ಇಲ್ಲ, ಬೇಡ ಅಂತಲೂ ಹೇಳಲಿಲ್ಲ. ಶನಿವಾರ ಎರಡನ್ನೂ ಓಡಿಸಿ ನೋಡೋಕೆ ಹೋಗ್ತಿದ್ದೀವಿ. ನಿಮ್ಮ ಮನೆಯಲ್ಲಿ ಹೈಬ್ರಿಡ್ ಇದ್ರೆ ನಿಜವಾದ ಮೈಲೇಜ್ ಎಷ್ಟು ಬರ್ತಿದೆ ಅಂತ ಅಷ್ಟರೊಳಗೆ ಕಾಮೆಂಟ್ ಮಾಡಿ, ಹಾಳೆ ತಿದ್ದಬೇಕು.

#ಹೈಬ್ರಿಡ್ #ಬಿಡದಿ #ಕಾರಿನಕಥೆ