ಸಣ್ಣ ಹಿಡುವಳಿಗೆ ಹಳೆಯ ಟ್ರ್ಯಾಕ್ಟರ್: ಎಷ್ಟು ಅಶ್ವಶಕ್ತಿ ಸಾಕು?

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ. ಆದರೆ ರಾಜ್ಯದ ಹಳೆಯ ಟ್ರ್ಯಾಕ್ಟರುಗಳ ಮಾರುಕಟ್ಟೆಯಲ್ಲಿ ಹೇರಳವಾಗಿ ಕಾಣುವುದು 35ರಿಂದ 50 ಅಶ್ವಶಕ್ತಿಯ ಯಂತ್ರಗಳು. ಹೊಲಕ್ಕೆ ಬೇಕಾದದ್ದು ಒಂದು, ಸುಲಭವಾಗಿ ಸಿಗುವುದು ಇನ್ನೊಂದು. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶವಾದ ನಂತರ ನಗರವಾಸಿಗಳಲ್ಲಿಯೂ ಎರಡು ಮೂರು ಎಕರೆಯ ಒಡೆಯರಿದ್ದಾರೆ. ಊರಿನಲ್ಲಿರುವ ತಂದೆಗೋ ಅಣ್ಣನಿಗೋ ಟ್ರ್ಯಾಕ್ಟರ್ ಕೊಡಿಸಲು ಹಣ ಹೊಂದಿಸುವವರು ಮೊದಲಿನಿಂದಲೂ ಇದ್ದರು. ಇಬ್ಬರೂ ಮೊದಲು ಕೇಳುವುದು ಬೆಲೆಯನ್ನು. ಗಾತ್ರದ ವಿಚಾರ ಆಮೇಲೆ. ಅದು ತಿರುಗುಮುರುಗು ಆಗಬೇಕು.

ಮೂರು ಎಕರೆಗೆ ಸ್ವಂತ ಟ್ರ್ಯಾಕ್ಟರ್ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 2014-15ರಲ್ಲಿ ಆರಂಭವಾದ ‘ಕೃಷಿ ಯಂತ್ರಧಾರೆ’ ಯೋಜನೆಯಡಿ ಹೋಬಳಿ ಮಟ್ಟದಲ್ಲಿ ಬಾಡಿಗೆ ಯಂತ್ರಗಳ ಕೇಂದ್ರಗಳನ್ನು ತೆರೆಯಲಾಯಿತು. ಖಾಸಗಿ ಬಾಡಿಗೆಯಂತೂ ಪ್ರತಿ ಊರಿನಲ್ಲಿದೆ. ತೊಡಕಿರುವುದು ಬಾಡಿಗೆಯ ದರದಲ್ಲಲ್ಲ, ದಿನದಲ್ಲಿ. ಹದವಾದ ಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ಕೆಂಪು ಮಣ್ಣು ಬೇಗ ಆರುತ್ತದೆ. ಎರೆಮಣ್ಣು ಹಸಿ ಇದ್ದಾಗ ಗಾಲಿಗೆ ಮೆತ್ತುತ್ತದೆ, ಒಣಗಿದರೆ ಹೆಂಟೆಯಾಗುತ್ತದೆ. ಅದೇ ದಿನಗಳಲ್ಲಿ ಊರಿಗೆ ಊರೇ ಟ್ರ್ಯಾಕ್ಟರಿಗಾಗಿ ಕಾಯುತ್ತದೆ. ಬಾಡಿಗೆಯವನು ಮೊದಲು ಹೋಗುವುದು ಹತ್ತು ಎಕರೆಯವನ ಹೊಲಕ್ಕೆ. ಮೂರು ಎಕರೆಯವನ ಸರದಿ ಬರುವ ವೇಳೆಗೆ ಹದ ಆರಿರುತ್ತದೆ. ಹೀಗೆ ಒಂದು ವಾರ ತಡವಾದ ಬಿತ್ತನೆಯ ನಷ್ಟವನ್ನು ಯಾವ ಬಾಡಿಗೆ ಲೆಕ್ಕವೂ ತೋರಿಸುವುದಿಲ್ಲ.

ಆದ್ದರಿಂದ ಕೆಲಸಗಳನ್ನು ಎರಡಾಗಿ ವಿಂಗಡಿಸಿಕೊಳ್ಳುವುದು ಉಚಿತ. ಬೇಸಿಗೆಯ ಆಳ ಉಳುಮೆ ವರ್ಷಕ್ಕೊಮ್ಮೆ, ಕೆಲವೆಡೆ ಎರಡು ಮೂರು ವರ್ಷಕ್ಕೊಮ್ಮೆ ಬರುವ ಕೆಲಸ. ನಾಲ್ಕು ದಿನ ಹಿಂದುಮುಂದಾದರೂ ನಡೆಯುತ್ತದೆ. ಎರಡು ರೆಕ್ಕೆಯ ನೇಗಿಲು ಎಳೆಯಲು 35 ಅಶ್ವಶಕ್ತಿಗಿಂತ ಹೆಚ್ಚಿನ ಯಂತ್ರವೇ ಬೇಕು; ಅದನ್ನು ಬಾಡಿಗೆಗೆ ಬಿಡಬಹುದು. ಹದ ನೋಡಿ ಮಾಡಬೇಕಾದ ಮಣ್ಣಿನ ಸಿದ್ಧತೆ, ಕೂರಿಗೆ ಬಿತ್ತನೆ, ಎಡೆಕುಂಟೆ, ಔಷಧ ಸಿಂಪಡಣೆ ಇವು ಸ್ವಂತ ಯಂತ್ರದ ಕೆಲಸಗಳು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಟ್ರ್ಯಾಕ್ಟರ್ ಬೇಕಿಲ್ಲ.

ಲೆಕ್ಕ ಸರಳವಾಗಿದೆ. 15ರಿಂದ 20 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರ್ ಸುಮಾರು ಒಂದು ಮೀಟರ್ ಅಗಲದ ರೋಟವೇಟರನ್ನು ತಿರುಗಿಸಬಲ್ಲದು. ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ ಸಾಗಿದರೆ, ತಿರುವುಗಳಲ್ಲಿ ಕಾಲುಭಾಗ ಸಮಯ ಕಳೆದರೂ, ಗಂಟೆಗೆ 1,875 ಚದರ ಮೀಟರ್ ಆಗುತ್ತದೆ. ಎಕರೆಗೆ 4,047 ಚದರ ಮೀಟರ್ ಎಂದರೆ ಎರಡು ಗಂಟೆ ಹತ್ತು ನಿಮಿಷದ ಕೆಲಸ. ರಾಜ್ಯದ ಸರಾಸರಿ ಹಿಡುವಳಿ ಏಳೂಕಾಲು ಗಂಟೆಯಲ್ಲಿ, ಒಂದೇ ಹಗಲಿನಲ್ಲಿ ಮುಗಿಯುತ್ತದೆ. ಒಂದೂವರೆ ಮೀಟರ್ ರೋಟವೇಟರಿನ ಮಧ್ಯಮ ಟ್ರ್ಯಾಕ್ಟರ್ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಇದನ್ನು ನಾಲ್ಕು ಗಂಟೆಯಲ್ಲಿ ಮುಗಿಸೀತು. ಉಳಿಯುವ ಮೂರು ಗಂಟೆಗಾಗಿ ದುಪ್ಪಟ್ಟು ಅಶ್ವಶಕ್ತಿಯ ಡೀಸೆಲ್ ಮತ್ತು ಟಯರುಗಳ ವೆಚ್ಚವನ್ನು ವರ್ಷವಿಡೀ ಹೊರಬೇಕೇ ಎಂಬುದು ಯೋಚಿಸತಕ್ಕ ವಿಷಯ.

ಬಾನೆಟ್ ಮೇಲೆ ಬರೆದಿರುವ ಅಶ್ವಶಕ್ತಿ ಎಂಜಿನ್ನಿನದು. ರೋಟವೇಟರ್ ತಿರುಗಿಸುವ ಪಿಟಿಒಗೆ ತಲುಪುವುದು ಸಾಮಾನ್ಯವಾಗಿ ಅದರ ಶೇ. 80ರಿಂದ 90ರಷ್ಟು ಮಾತ್ರ. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಈ ಅಂಕಿ ಇರುತ್ತದೆ. ಮಾರಾಟಗಾರನ ಮಾತಿಗಿಂತ ಆ ವರದಿ ಭರವಸೆಗೆ ಅರ್ಹ.

<b>ಅಶ್ವಶಕ್ತಿಗಿಂತ ಅಗಲ ಮುಖ್ಯ</b>

ಬಿತ್ತನೆಗೆಂದು ಕೊಳ್ಳುವವರು ಅಶ್ವಶಕ್ತಿಗಿಂತಲೂ ಎಚ್ಚರದಿಂದ ನೋಡಬೇಕಾದದ್ದು ಹಿಂದಿನ ಎರಡು ಗಾಲಿಗಳ ನಡುವಿನ ಅಂತರ. ಬೆಳೆ ಮೊಳೆತ ಮೇಲೆ ಎಡೆಕುಂಟೆ ಹೊಡೆಯುವಾಗ ಗಾಲಿಗಳು ಸಾಲುಗಳ ನಡುವೆಯೇ ಸಾಗಬೇಕಷ್ಟೆ. ಮುಸುಕಿನ ಜೋಳವನ್ನು 60 ಸೆಂಟಿಮೀಟರ್ ಸಾಲಿನಲ್ಲಿ ಬಿತ್ತಿದ್ದರೆ ಗಾಲಿಯ ನಡುವಿನಿಂದ ಗಾಲಿಯ ನಡುವಿಗೆ 120 ಸೆಂಟಿಮೀಟರ್ ಇರಬೇಕು. 45ರ ಸಾಲಿಗೆ 90 ಅಥವಾ 135. ಅನೇಕ ಟ್ರ್ಯಾಕ್ಟರುಗಳಲ್ಲಿ ಗಾಲಿಯ ಡಿಸ್ಕನ್ನು ತಿರುವಿ ಜೋಡಿಸಿ ಈ ಅಂತರವನ್ನು ಬದಲಿಸಬಹುದು. ಹಳೆಯ ಯಂತ್ರದಲ್ಲಿ ಆ ಬೋಲ್ಟುಗಳು ತುಕ್ಕು ಹಿಡಿದು ಕೂತಿರುವುದೂ ಉಂಟು. ಟಯರಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಮಿನಿ ಟ್ರ್ಯಾಕ್ಟರಿನ 8 ಇಂಚಿನ ಟಯರು 20 ಸೆಂಟಿಮೀಟರ್. ಮಧ್ಯಮ ಗಾತ್ರದ 12.4 ಇಂಚಿನ ಟಯರು 31 ಸೆಂಟಿಮೀಟರ್. 30 ಸೆಂಟಿಮೀಟರ್ ಸಾಲಿನ ರಾಗಿಯಲ್ಲಿ ಎರಡನೆಯದು ಕಾಲಿಡುವಂತೆಯೇ ಇಲ್ಲ. ಮಿನಿಗೂ ಒಂದು ಮಿತಿಯುಂಟು: ನೆಲದಿಂದ ಅದರ ಎತ್ತರ ಕಡಿಮೆಯಾದ್ದರಿಂದ ಪೈರು ಮೊಣಕಾಲು ಮುಟ್ಟುವ ಮೊದಲೇ ಎಡೆ ಹೊಡೆದು ಮುಗಿಸಬೇಕು.

ಇಪ್ಪತ್ತು ಗುಂಟೆಯ ತುಂಡುಗಳು, ನಡುವೆ ಬದು, ಮೂಲೆಯಲ್ಲಿ ಹುಣಸೆಮರ ಎಂಬಂತಹ ಜಮೀನಿನಲ್ಲಿ ಉದ್ದನೆಯ ಯಂತ್ರ ತಿರುಗುವುದಕ್ಕೇ ಎರಡು ಮೂರು ಮೀಟರ್ ನೆಲವನ್ನು ತುಳಿದುಹಾಕುತ್ತದೆ. 9 ಅಡಿ ಅಂತರದ ಅಡಿಕೆ ತೋಟಕ್ಕೆ ಒಂದು ಮೀಟರ್ ಆಸುಪಾಸಿನ ಅಗಲದ ಯಂತ್ರವೇ ಸರಿ. ಮಲೆನಾಡಿನ ಬಸಿಗಾಲುವೆಗಳ ತೋಟವಾದರೆ ಪವರ್ ಟಿಲ್ಲರ್ ಇನ್ನೂ ವಾಸಿ. ಇಳಿಜಾರಿನಲ್ಲಿ ಅಗಲ ಕಡಿಮೆಯಾದಷ್ಟೂ ಮಗುಚುವ ಅಪಾಯ ಹೆಚ್ಚು. ನಮ್ಮಲ್ಲಿನ ಬಹುತೇಕ ಹಳೆಯ ಟ್ರ್ಯಾಕ್ಟರುಗಳಲ್ಲಿ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟು ಇರುವುದಿಲ್ಲ ಎಂಬುದನ್ನು ಮರೆಯಲಾಗದು.

ಹಾಗಾದರೆ ದೊಡ್ಡದು ಯಾರಿಗೆ? ಗಂಗಾವತಿ, ಸಿಂಧನೂರು ಕಡೆಯ ಕೆಸರುಗದ್ದೆಗೆ ಕಬ್ಬಿಣದ ಗಾಲಿ ಹಾಕಿ ಇಳಿಸುವವರಿಗೆ, ಗದಗ, ವಿಜಯಪುರದ ಆಳವಾದ ಎರೆಭೂಮಿಯಲ್ಲಿ ಎಲ್ಲ ಉಳುಮೆಯನ್ನೂ ತಾವೇ ಮಾಡುವವರಿಗೆ, ಅಕ್ಕಪಕ್ಕದ ಹೊಲಗಳಿಗೆ ಬಾಡಿಗೆ ಹೊಡೆಯುವ ಖಚಿತ ಯೋಜನೆ ಇರುವವರಿಗೆ. ಬಾಡಿಗೆ ಆಮೇಲೆ ನೋಡಿಕೊಳ್ಳೋಣ ಎಂದು ಕೊಂಡ ಟ್ರ್ಯಾಕ್ಟರಿನ ಕಂತನ್ನು ಕಡೆಗೆ ಬೆಳೆಯೇ ಕಟ್ಟಬೇಕಾಗುತ್ತದೆ.

15 ಅಶ್ವಶಕ್ತಿಯ ಮಹೀಂದ್ರ ಯುವರಾಜ್ 215, ಬೆಂಗಳೂರು ಮೂಲದ ವಿಎಸ್‌ಟಿ ಕಂಪನಿಯ 18.5 ಅಶ್ವಶಕ್ತಿಯ ಎಂಟಿ 180ಡಿ, ನಾಲ್ಕೂ ಗಾಲಿಗಳಿಗೆ ಚಾಲನೆಯಿರುವ 24 ಅಶ್ವಶಕ್ತಿಯ ಕುಬೋಟಾ ಬಿ2441 ಮುಂತಾದವು ಸಣ್ಣ ವರ್ಗದಲ್ಲಿ ಹುಡುಕತಕ್ಕವು. 25 ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಐಷರ್ 242 ರಿಪೇರಿಗೆ ಸುಲಭ. ಎಚ್‌ಎಂಟಿ 2511 ಮೇಲೆ ಹಳಬರಿಗೆ ಪ್ರೀತಿಯಿದೆ. ಆದರೆ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿದ್ದರಿಂದ ಬಿಡಿಭಾಗ ಎಲ್ಲಿ ಸಿಗುತ್ತದೆಂದು ಮೊದಲು ವಿಚಾರಿಸಿಕೊಳ್ಳಬೇಕು. ಯಾವುದೇ ಕಂಪನಿಯದಾದರೂ ತಾಲ್ಲೂಕು ಕೇಂದ್ರದಲ್ಲಿ ಅದನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಇಲ್ಲದಿದ್ದರೆ ಅಗ್ಗದ ಬೆಲೆಗೆ ಅರ್ಥವಿಲ್ಲ.

<b>ಹಿಂದೆ ಏನು ಮಾಡಿತ್ತು?</b>

ಹಳೆಯ ಟ್ರ್ಯಾಕ್ಟರಿನ ವಯಸ್ಸಿಗಿಂತ ಅದರ ಹಿಂದಿನ ಕಸುಬು ಹೆಚ್ಚಿನದನ್ನು ಹೇಳುತ್ತದೆ. ಕಬ್ಬು, ಮರಳು, ಇಟ್ಟಿಗೆ ಸಾಗಿಸಿದ ಯಂತ್ರದ ಕ್ಲಚ್, ಬ್ರೇಕ್, ಗೇರುಗಳು ಸವೆದಿರುತ್ತವೆ. ಟ್ರೈಲರ್ ಕೊಂಡಿಯ ದುಂಡನೆಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಗುಟ್ಟು ಹೊರಬಿದ್ದಂತೆಯೇ. ಕೆಸರುಗದ್ದೆಯಲ್ಲಿ ದುಡಿದದ್ದಾದರೆ ಗಾಲಿಯ ಸೀಲುಗಳ ಮೂಲಕ ನೀರು, ಕೆಸರು ಒಳಸೇರಿರಬಹುದು. ಹಬ್‌ನ ಗ್ರೀಸ್ ನೋಡಿದರೆ ತಿಳಿಯುತ್ತದೆ. ಹೊಸ ಬಣ್ಣಕ್ಕೂ, ಗಂಟೆ ತೋರಿಸುವ ಮೀಟರಿಗೂ ಮರುಳಾಗಬಾರದು. ಮೀಟರ್ ಕಡಿಮೆ ತೋರಿಸಿ ಕ್ಲಚ್ ಪೆಡಲಿನ ಗೆರೆಗಳು ಅಳಿಸಿಹೋಗಿದ್ದರೆ ನಂಬಬೇಕಾದದ್ದು ಪೆಡಲನ್ನು.

ಎಂಜಿನ್ ತಣ್ಣಗಿರುವಾಗಲೇ ಮೊದಲ ಬಾರಿ ಚಾಲೂ ಮಾಡಿಸಬೇಕು. ಕೊಳ್ಳುವವನು ಬರುವ ಹೊತ್ತಿಗೆ ಬಿಸಿಯಾಗಿದ್ದರೆ ಇನ್ನೊಂದು ದಿನ, ಮುನ್ಸೂಚನೆ ಕೊಡದೆ ಹೋಗುವುದು ಲೇಸು. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಕಪ್ಪು ಹೊಗೆ ಅಷ್ಟು ಭಯಂಕರವಲ್ಲ, ಇಂಜೆಕ್ಟರ್ ಅಥವಾ ಗಾಳಿ ಫಿಲ್ಟರಿನಿಂದಲೂ ಬರಬಹುದು. ಕಲ್ಟಿವೇಟರನ್ನು ಹೈಡ್ರಾಲಿಕ್‌ನಿಂದ ಎತ್ತಿ, ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ಕಾಯಬೇಕು. ಅದು ಜಾರಿ ನೆಲ ಮುಟ್ಟಿದರೆ ಹೈಡ್ರಾಲಿಕ್ ಒಳಗೆ ಸೋರುತ್ತಿದೆ. ಬಿತ್ತನೆಯ ಆಳವನ್ನು ಕಾಯ್ದುಕೊಳ್ಳುವುದು ಈ ಭಾಗವೇ ಆದ್ದರಿಂದ ಇಲ್ಲಿ ರಾಜಿ ಸಲ್ಲದು. ಸಾಧ್ಯವಾದರೆ ಮಾರುವವನ ಹೊಲದಲ್ಲಿಯೇ ಅರ್ಧ ಗಂಟೆ ರೋಟವೇಟರ್ ಹೊಡೆಸಿ ನೋಡಬೇಕು.

ಕಾಗದಪತ್ರದ ಮಾತು. ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನದ ನಮೂದು ಉಳಿದಿದ್ದರೆ, ಸಾಲ ತೀರಿದೆಯೆಂಬ ಬಾಯಿಮಾತಿಗೆ ಬೆಲೆಯಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹಾಗೂ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಯಂತ್ರದ ಮೇಲೆಯೇ ಓದಿ ಆರ್‌ಸಿಯೊಂದಿಗೆ ತಾಳೆ ನೋಡಬೇಕು. ನೋಂದಣಿಯ ಅವಧಿ 15 ವರ್ಷ. ಅದು ಮುಗಿಯುತ್ತ ಬಂದಿದ್ದರೆ ನವೀಕರಣದ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬಹುದು. ಸರ್ಕಾರದ ಸಹಾಯಧನದಲ್ಲಿ ಕೊಂಡದ್ದಾದರೆ ಮಾರಾಟಕ್ಕೆ ನಿರ್ಬಂಧವಿದೆಯೇ ಎಂದು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು. ನಮೂನೆ 29 ಮತ್ತು 30ಕ್ಕೆ ಇಬ್ಬರ ಸಹಿಯಾದ ಮೇಲೆ ಕೊಂಡವನು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಹಾಕಬೇಕು. ಟ್ರೈಲರ್ ಜೊತೆಗೆ ಬಂದಿದ್ದರೆ ಅದರ ನೋಂದಣಿ ಪತ್ರವನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯತಕ್ಕದ್ದು.